ಕ್ಲಚ್ ವೈರು ತುಂಡಾಗುವುದು ರಸ್ತೆಯಲ್ಲಲ್ಲ, ಅಂಗಳದಲ್ಲಿ

(ಯುವಕ ಯುವತಿ ಮಂಡಲಿಗಳ ಸಭೆಯಲ್ಲಿ ಮಾಡಿದ ಭಾಷಣ)



ಹಿಂದೆ ಒಂದು ಊರಿನಲ್ಲಿ ನಾಲ್ಕು ಸೈಕಲ್ಲುಗಳಿದ್ದರೆ ಅದೇ ದೊಡ್ಡ ಮಾತಾಗಿತ್ತು. ಈಗ ಎಷ್ಟೋ ಮನೆಗಳ ಜಗಲಿಯ ಮುಂದೆ ಮೋಟಾರ್ ಸೈಕಲ್ ನಿಂತಿದೆ. ಬೆಳಗಿನ ಹಾಲಿನ ಕ್ಯಾನು ಡೈರಿಗೆ ಹೋಗುವುದು ಅದರ ಮೇಲೆ; ಸಂಜೆಯ ಹುಲ್ಲಿನ ಹೊರೆ ಮನೆಗೆ ಬರುವುದು ಅದರ ಮೇಲೆ; ಮಗು ಶಾಲೆಗೆ, ವಯಸ್ಸಾದವರು ಆಸ್ಪತ್ರೆಗೆ ಹೋಗುವುದೂ ಅದರ ಮೇಲೆಯೇ. ಎತ್ತು ಕುಂಟಿದರೆ ಮನೆಮಂದಿಯೆಲ್ಲ ಎದ್ದು ಬಂದು ಅದರ ಗೊರಸು ನೋಡುತ್ತಿದ್ದ ಕಾಲವನ್ನು ನಿಮ್ಮಲ್ಲಿ ಹಿರಿಯರು ಬಲ್ಲಿರಿ. ಈ ಕಬ್ಬಿಣದ ಎತ್ತಿಗೂ ಅಂಥ ಆರೈಕೆ ಬೇಕು.

ಆರೈಕೆಯನ್ನು ನೀವು ಮನೆಯಲ್ಲೇ ಮಾಡಿಕೊಳ್ಳುತ್ತಿದ್ದೀರಿ. ಇದು ಬಹಳ ಸಂತೋಷದ ವಿಷಯ. ಸಣ್ಣಪುಟ್ಟ ಕೆಲಸಕ್ಕೆಲ್ಲ ಪೇಟೆಗೆ ಹೋಗಿ ಅರ್ಧ ದಿನದ ಕೂಲಿಯನ್ನೂ ಹಣವನ್ನೂ ಕಳೆದುಕೊಳ್ಳುವುದು ಬುದ್ಧಿವಂತಿಕೆಯಲ್ಲ. ಆದರೆ ಮನೆಯಲ್ಲಿ ಮಾಡಿದ ಕೆಲಸ ಅರೆಬರೆಯಾಗಿದ್ದರೆ ಅದರ ಫಲವನ್ನು ರಸ್ತೆಯಲ್ಲಿ ಉಣ್ಣಬೇಕಾಗುತ್ತದೆ. ನಾನು ಉಂಡಿದ್ದೇನೆ. ಆದುದರಿಂದ ಈ ದಿನ ನಿಮ್ಮ ಮುಂದೆ ಒಂದೇ ಒಂದು ಸಣ್ಣ ವಸ್ತುವಿನ ವಿಷಯವನ್ನು ಹೇಳುತ್ತೇನೆ. ಅದು ಕ್ಲಚ್ ವೈರು. ಅಂಗಡಿಯವರು ಅದನ್ನು ಕೇಬಲ್ ಎನ್ನುತ್ತಾರೆ.

ಒಂದು ವರ್ಷ ಆಯುಧಪೂಜೆಯ ಹಿಂದಿನ ದಿನ ನಾನು ಎಲ್ಲರಂತೆ ಗಾಡಿ ತೊಳೆಯಲು ಕುಳಿತೆ. ಉತ್ಸಾಹದಲ್ಲಿ ಕ್ಲಚ್ ವೈರನ್ನೂ ಬಿಚ್ಚಿ, ಅದರ ಎರಡು ತುದಿಗಳನ್ನು ಸೀಮೆಎಣ್ಣೆಯಲ್ಲಿ ಅದ್ದಿ ಉಜ್ಜಿದೆ. ಕರಿ ಜಿಡ್ಡೆಲ್ಲ ಹೋಗಿ ಬೆಳ್ಳಿಯಂತೆ ಹೊಳೆಯಿತು. ಹಾಗೆಯೇ ಒರಸಿ ಮತ್ತೆ ಜೋಡಿಸಿ, ಗಾಡಿಗೆ ಕುಂಕುಮವಿಟ್ಟು, ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಪೂಜೆ ಮಾಡಿದೆ. ಕೆಲಸ ಚೆನ್ನಾಯಿತೆಂದು ಹೆಮ್ಮೆಪಟ್ಟೆ. ನಾನು ತೊಳೆದು ಹಾಕಿದ್ದು ಕೊಳೆಯನ್ನಲ್ಲ, ಗ್ರೀಸನ್ನು ಎಂಬುದು ಆಗ ಹೊಳೆಯಲಿಲ್ಲ.

ಒಂದು ವಾರದಲ್ಲಿ ಲಿವರ್ ಹಿಡಿದಾಗ ಕರಕರ ಎನ್ನತೊಡಗಿತು. ನಾಳೆ ನೋಡಿದರಾಯಿತು ಎಂದುಕೊಂಡೆ. ಇನ್ನೊಂದು ವಾರಕ್ಕೆ ಅದು ಬಿಗಿಯಾಯಿತು. ಆಗಲೂ ನಾಳೆ ಎಂದೆ. ದೀಪಾವಳಿಗೆ ಮುಂಚಿನ ಸಂತೆಯ ದಿನ ಮಗಳನ್ನು ಹಿಂದೆ ಕೂರಿಸಿಕೊಂಡು ಕೆರೆಯ ಏರಿಯಿಂದ ಇಳಿಯುತ್ತಿದ್ದೆ. ಏರಿಯ ಬುಡದಲ್ಲಿ ದೊಡ್ಡ ರಸ್ತೆ. ವೇಗ ತಗ್ಗಿಸಲು ಕ್ಲಚ್ ಹಿಡಿದರೆ ಟಕ್ ಎಂದು ಸದ್ದಾಗಿ ಲಿವರ್ ಸತ್ತ ಕೈಯಂತೆ ಹ್ಯಾಂಡಲಿಗೆ ಒರಗಿತು. ನಾನು ಮಾಡಿದ್ದೇನು ಗೊತ್ತೇ? ಬ್ರೇಕು ಹಾಕುವುದನ್ನು ಬಿಟ್ಟು, ಸತ್ತ ಲಿವರನ್ನೇ ಮತ್ತೆ ಮತ್ತೆ ಹಿಸುಕಿದೆ. ನಾಲ್ಕು ಬಾರಿ ಹಿಸುಕುವಷ್ಟರಲ್ಲಿ ದೊಡ್ಡ ರಸ್ತೆ ಹತ್ತಿರ ಬಂತು. ಆಮೇಲೆ ಬುದ್ಧಿ ಬಂದು ಎರಡೂ ಬ್ರೇಕು ಒತ್ತಿದೆ. ಎಂಜಿನ್ ಒಮ್ಮೆ ಒದ್ದಾಡಿ ನಿಂತಿತು. ಮುಂದಿನ ಚಕ್ರ ಡಾಂಬರಿನ ಅಂಚಿನಲ್ಲಿತ್ತು. ಲಾರಿಯೊಂದು ನಮ್ಮ ಮುಖಕ್ಕೆ ಧೂಳೆರಚಿ ಹೋಯಿತು. ಮಗಳು ಏನೂ ಮಾತನಾಡಲಿಲ್ಲ. ನನ್ನ ಅಂಗಿಯನ್ನು ಹಿಡಿದ ಕೈಯನ್ನು ಮಾತ್ರ ಬಹಳ ಹೊತ್ತು ಬಿಡಲಿಲ್ಲ.

ಮನೆಗೆ ಬಂದು ತುಂಡಾದ ತುದಿಯನ್ನು ಬಿಸಿಲಿಗೆ ಹಿಡಿದು ನೋಡಿದೆ. ಕ್ಲಚ್ ವೈರು ಒಂದೇ ತಂತಿಯಲ್ಲ. ನೂಲಿನಂಥ ಹಲವು ಉಕ್ಕಿನ ಎಳೆಗಳನ್ನು ಹೊಸೆದ ಹಗ್ಗ. ಆ ಎಳೆಗಳಲ್ಲಿ ಹೆಚ್ಚಿನವುಗಳ ತುದಿ ಕಪ್ಪಾಗಿತ್ತು. ನಾಲ್ಕೈದು ಎಳೆಗಳ ತುದಿ ಮಾತ್ರ ಹೊಸದಾಗಿ ಹೊಳೆಯುತ್ತಿತ್ತು. ಕಪ್ಪಾದವು ಎಂದೋ ಹರಿದವು. ಹೊಳೆಯುವವು ಆ ದಿನ ಹರಿದವು. ಎಂದರೆ ವೈರು ಏರಿಯ ಮೇಲೆ ತುಂಡಾಗಲಿಲ್ಲ. ಆಯುಧಪೂಜೆಯಿಂದಲೇ ದಿನಕ್ಕೊಂದು ಎರಡು ಎಳೆ ಹರಿಯುತ್ತ ಬಂದು, ಉಳಿದ ನಾಲ್ಕೈದು ಎಳೆಗಳು ಅಂದು ಸೋತವು. ಅದು ನನ್ನ ಅಂಗಳದಲ್ಲೇ ತುಂಡಾಗಲು ಶುರುವಾಗಿತ್ತು.

ವೈರು ಮಾಡುವ ಕೆಲಸ

ಮೊದಲು ಇದನ್ನು ತಿಳಿದುಕೊಳ್ಳೋಣ. ಎಂಜಿನ್ನಿನ ಶಕ್ತಿ ಗೇರುಪೆಟ್ಟಿಗೆಗೆ ಹೋಗುವ ದಾರಿಯಲ್ಲಿ ಕ್ಲಚ್ ಇದೆ. ಅದರೊಳಗೆ ಬಿಲ್ಲೆಗಳಂತಹ ಪ್ಲೇಟುಗಳು ಒಂದರ ಮೇಲೊಂದು ಕುಳಿತಿರುತ್ತವೆ. ಸ್ಪ್ರಿಂಗುಗಳು ಅವನ್ನು ಒತ್ತಿ ಹಿಡಿದಿರುತ್ತವೆ. ಒತ್ತಿದ್ದಾಗ ಎಂಜಿನ್ ಚಕ್ರವನ್ನು ತಿರುಗಿಸುತ್ತದೆ. ನೀವು ಲಿವರ್ ಹಿಡಿದಾಗ ವೈರು ಎಳೆದು ಆ ಒತ್ತಡವನ್ನು ತೆಗೆಯುತ್ತದೆ. ಪ್ಲೇಟುಗಳು ಬಿಡಿಯಾಗಿ ಎಂಜಿನ್ನಿಗೂ ಚಕ್ರಕ್ಕೂ ಸಂಬಂಧ ತಪ್ಪುತ್ತದೆ. ಆದುದರಿಂದ ವೈರು ತುಂಡಾದರೆ ಸಂಬಂಧ ತಪ್ಪಿಸುವ ಉಪಾಯ ಹೋಯಿತೆಂದು ತಿಳಿಯಿರಿ. ಗಾಡಿ ಗೇರಿನಲ್ಲಿ ಎಂಜಿನ್ನಿಗೆ ಕಟ್ಟಿಹಾಕಿದಂತೆ ಉಳಿಯುತ್ತದೆ. ಬ್ರೇಕು ಹೋದಂತಲ್ಲ, ಬ್ರೇಕು ಇದ್ದೇ ಇರುತ್ತದೆ. ಈ ಒಂದು ಮಾತನ್ನು ನೆನಪಿಟ್ಟುಕೊಂಡರೆ ಅರ್ಧ ಭಯ ಹೋಗುತ್ತದೆ.

ಗೇರಿಲ್ಲದ ಸ್ಕೂಟರುಗಳಿಗೂ ಮೊಪೆಡ್ಡುಗಳಿಗೂ ಈ ವೈರಿನ ಚಿಂತೆಯಿಲ್ಲ. 1961ರಿಂದ 1996ರವರೆಗೆ ನಮ್ಮ ಮೈಸೂರಿನ ಕಾರ್ಖಾನೆಯಲ್ಲಿ ತಯಾರಾದ ಜಾವಾ, ಯೆಜ್ದಿ ಗಾಡಿಗಳನ್ನು ಹಿರಿಯರು ಓಡಿಸಿರಬಹುದು. ಅವುಗಳಲ್ಲಿ ಕಾಲಿನ ಗೇರು ಲಿವರನ್ನು ಒತ್ತಿದಾಗ ಅದೇ ಕ್ಲಚ್ಚನ್ನೂ ಬಿಡಿಸುವ ಏರ್ಪಾಡು ಇತ್ತು. "ನಮ್ಮ ಕಾಲದಲ್ಲಿ ವೈರು ತುಂಡಾದರೂ ಮನೆಗೆ ಬರುತ್ತಿದ್ದೆವು" ಎಂದು ಅವರು ಹೇಳುವುದು ಸುಳ್ಳಲ್ಲ. ಆದರೆ ಈಗ ಹಾಲು ಹೊರುವ ಸಾಮಾನ್ಯ ಗಾಡಿಗಳಲ್ಲಿ ಆ ಸೌಕರ್ಯವಿಲ್ಲ. ಅಜ್ಜನ ಧೈರ್ಯವನ್ನು ಮೊಮ್ಮಗನ ಗಾಡಿಯ ಮೇಲೆ ತೋರಿಸಬಾರದು.

ಏಕೆ ತುಂಡಾಗುತ್ತದೆ?

ಬಾವಿಯ ಹಗ್ಗ ನಡುವಿನಲ್ಲಿ ಹರಿಯುವುದು ಅಪರೂಪ. ಕೊಡಕ್ಕೆ ಕುಣಿಕೆ ಹಾಕಿದ ಕಡೆ ಅಥವಾ ಕಟ್ಟೆಗೆ ಉಜ್ಜುವ ಕಡೆ ಹರಿಯುತ್ತದೆ. ಕ್ಲಚ್ ವೈರಿನ ಕತೆಯೂ ಅದೇ. ಕೈ ಲಿವರಿನ ಒಳಗೆ ವೈರಿನ ತುದಿಯಲ್ಲಿ ಗುಂಡಗಿನ ಒಂದು ಸಣ್ಣ ಲೋಹದ ತುಣುಕು ಇದೆ. ಮೆಕ್ಯಾನಿಕರು ಇದನ್ನು ನಿಪ್ಪಲ್ ಎನ್ನುತ್ತಾರೆ. ಲಿವರ್ ಹಿಡಿದಾಗ ಈ ನಿಪ್ಪಲ್ ತನ್ನ ಗುಳಿಯಲ್ಲಿ ಸ್ವಲ್ಪ ತಿರುಗಬೇಕು. ತಿರುಗಿದರೆ ವೈರು ನೇರವಾಗಿ ಎಳೆಯಲ್ಪಡುತ್ತದೆ. ಗ್ರೀಸ್ ಒಣಗಿ, ಧೂಳು ಕೂತು ಅದು ತಿರುಗದೆ ಹೋದರೆ ನಿಪ್ಪಲಿನ ಬಾಯಲ್ಲಿ ವೈರು ಪ್ರತಿ ಸಲವೂ ಬಗ್ಗುತ್ತದೆ. ದಿನಕ್ಕೆ ಇನ್ನೂರು ಬಾರಿ ಕ್ಲಚ್ ಹಿಡಿಯುವವನು ಹದಿನೈದು ದಿನದಲ್ಲಿ ಮೂರು ಸಾವಿರ ಬಾರಿ ಅದನ್ನು ಬಗ್ಗಿಸಿದಂತಾಯಿತು. ಕೈಯಲ್ಲಿ ತಂತಿಯನ್ನು ಅತ್ತಿತ್ತ ಬಗ್ಗಿಸಿ ಮುರಿಯುತ್ತೇವಲ್ಲ, ಹಾಗೆ.

ಎರಡನೆಯ ಕಾರಣ ದಾರಿ ತಪ್ಪಿದ ವೈರು. ಕಾರ್ಖಾನೆಯವರು ವೈರಿಗೆ ಒಂದು ದಾರಿ ಗೊತ್ತು ಮಾಡಿ, ಅಲ್ಲಲ್ಲಿ ಕೊಂಡಿಗಳನ್ನು ಇಟ್ಟಿರುತ್ತಾರೆ. ಮನೆಯಲ್ಲಿ ಬಿಚ್ಚಿದವರು ಮತ್ತೆ ಹಾಕುವಾಗ ಕೊಂಡಿಯ ಹೊರಗಿನಿಂದ ಎಳೆದುಬಿಡುತ್ತಾರೆ. ಆಗ ಹ್ಯಾಂಡಲ್ ತಿರುಗಿಸಿದಾಗಲೆಲ್ಲ ಅದು ಚಾಸಿಗೂ ಹ್ಯಾಂಡಲಿಗೂ ನಡುವೆ ಸಿಕ್ಕಿ ನುಗ್ಗಾಗುತ್ತದೆ. ಇಲ್ಲವೇ ಬಿಸಿ ಎಂಜಿನ್ನಿಗೆ ತಾಗಿ ಹೊರಗವಸು ಸುಡುತ್ತದೆ.

ಮೂರನೆಯದು ಬಿಗಿತ. ವೈರು ಬಿಗಿಯಾಗಿದ್ದರೆ ಕೆಲಸ ಚೆನ್ನಾಗಿದೆ ಎಂಬ ತಪ್ಪು ಭಾವನೆ ನಮ್ಮಲ್ಲಿದೆ. ಲಿವರಿನ ತುದಿಯಲ್ಲಿ ಸ್ವಲ್ಪ ಸಡಿಲ ಇರಲೇಬೇಕು. ಸಾಮಾನ್ಯವಾದ ಸಣ್ಣ ಗಾಡಿಗಳಲ್ಲಿ ಇದು 10ರಿಂದ 20 ಮಿಲಿಮೀಟರ್, ಅಂದರೆ ಸುಮಾರು ಒಂದು ಬೆರಳಿನ ದಪ್ಪ. ನಿಮ್ಮ ಗಾಡಿಯ ಕೈಪಿಡಿಯಲ್ಲಿ ಬರೆದ ಅಳತೆಯೇ ಪ್ರಮಾಣ. ಸಡಿಲವೇ ಇಲ್ಲದಿದ್ದರೆ ಕ್ಲಚ್ ಯಾವಾಗಲೂ ಅರ್ಧ ಹಿಡಿದಂತೆ ಇದ್ದು ಪ್ಲೇಟು ಜಾರಿ ಸುಡುತ್ತದೆ. ಎಂಜಿನ್ ಕೂಗುತ್ತದೆ, ಗಾಡಿ ಏರು ಹತ್ತುವುದಿಲ್ಲ. ಸಡಿಲ ಹೆಚ್ಚಾದರೆ ಕ್ಲಚ್ ಪೂರ್ತಿ ಬಿಡುವುದಿಲ್ಲ. ಗೇರು ಕಿರುಗುಟ್ಟುತ್ತದೆ, ನ್ಯೂಟ್ರಲ್ ಸಿಗುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಪ್ಲೇಟು ಜಾರುವುದಕ್ಕೆಲ್ಲ ವೈರೇ ಕಾರಣವಲ್ಲ. ಮನೆಯಲ್ಲಿ ಎಂಜಿನ್ ಆಯಿಲ್ ಬದಲಾಯಿಸುವಾಗ ಕಾರಿನ ಆಯಿಲ್ ಹಾಕಿದರೂ ಜಾರಬಹುದು. ಏಕೆಂದರೆ ಹೆಚ್ಚಿನ ಮೋಟಾರ್ ಸೈಕಲ್ಲುಗಳ ಕ್ಲಚ್ ಆ ಆಯಿಲಿನಲ್ಲೇ ಮುಳುಗಿರುತ್ತದೆ. ಡಬ್ಬಿಯ ಮೇಲೆ ಮೋಟಾರ್ ಸೈಕಲ್ಲಿಗೆ ಎಂದು ಬರೆದಿದೆಯೇ ನೋಡಿ ಕೊಳ್ಳಿರಿ.

ಮನೆಯಲ್ಲಿ ಕೆಲಸ ಮಾಡುವ ಕ್ರಮ

ಎಂಜಿನ್ ನಿಲ್ಲಿಸಿ, ತಣ್ಣಗಾದ ಮೇಲೆ ಗಾಡಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿಕೊಳ್ಳಿರಿ. ಹಳೆಯ ವೈರು ಹೋಗಿರುವ ದಾರಿಯನ್ನು ಮೊದಲು ಕಣ್ಣಿನಲ್ಲಿ ನೋಡಿ; ಕೈಯಲ್ಲಿರುವ ಫೋನಿನಿಂದ ಒಂದು ಚಿತ್ರವನ್ನೂ ತೆಗೆದುಕೊಳ್ಳಿ. ಎರಡು ಕಡೆಯ ಅಡ್ಜಸ್ಟರ್ ಸಡಿಲಿಸಿ, ಕೆಳಗಿನ ತುದಿಯನ್ನು ಬಿಚ್ಚಿದ ಮೇಲೆ ಅದಕ್ಕೆ ಗಟ್ಟಿಯಾದ ದಾರ ಕಟ್ಟಿರಿ. ಮೇಲಿನಿಂದ ಹಳೆಯ ವೈರನ್ನು ಎಳೆದರೆ ದಾರವು ಅದೇ ದಾರಿಯಲ್ಲಿ ಬಂದು ನಿಲ್ಲುತ್ತದೆ. ಹೊಸ ವೈರನ್ನು ಆ ದಾರಕ್ಕೆ ಕಟ್ಟಿ ಹಿಂದಕ್ಕೆ ಎಳೆಯಿರಿ. ಲಂಗಕ್ಕೆ ಲಾಡಿ ಪೋಣಿಸುವ ಉಪಾಯವೇ ಇದು. ನಮ್ಮ ಅಕ್ಕತಂಗಿಯರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಹಳೆಯ ವೈರನ್ನೇ ಮತ್ತೆ ಹಾಕುವುದಾದರೆ ಎರಡು ತುದಿಗಳನ್ನು ಬೆಳಕಿನಲ್ಲಿ ನೋಡಿರಿ. ಒಂದೇ ಒಂದು ಎಳೆ ಎದ್ದಿದ್ದರೂ ಅದನ್ನು ಕತ್ತರಿಸಿ ಮತ್ತೆ ಹಾಕಬೇಡಿ, ವೈರನ್ನೇ ಬದಲಾಯಿಸಿ. ಹೊರಗವಸು ಸೀಳಿದ್ದರೂ ಹಾಗೆಯೇ. ಒಳಗೆ ಎಣ್ಣೆ ಬಿಡಬೇಕಾದರೆ ವೈರನ್ನು ನೇರವಾಗಿ ನೇತುಹಾಕಿ, ಮೇಲಿನ ತುದಿಗೆ ಪ್ಲಾಸ್ಟಿಕ್ ಚೀಲದ ಮೂಲೆಯನ್ನು ಆಲಿಕೆಯಂತೆ ಕಟ್ಟಿ, ಶುದ್ಧವಾದ ತೆಳು ಎಣ್ಣೆಯನ್ನು ಹಾಕಿ ರಾತ್ರಿಯೆಲ್ಲ ಬಿಡಿ. ಬೆಳಿಗ್ಗೆ ಕೆಳಗೆ ಎಣ್ಣೆ ತೊಟ್ಟಿಕ್ಕಿದ್ದರೆ ಒಳಗೆಲ್ಲ ಹರಿದಿದೆಯೆಂದು ಅರ್ಥ. ಎಂಜಿನ್ನಿನಿಂದ ಇಳಿಸಿದ ಹಳೆಯ ಕರಿ ಆಯಿಲ್ ಬೇಡ. ಅದರಲ್ಲಿ ಲೋಹದ ಪುಡಿ ಇರುತ್ತದೆ. ಕೆಲವು ವೈರುಗಳ ಒಳಗೆ ಜಾರುವ ಪ್ಲಾಸ್ಟಿಕ್ ಕೊಳವೆ ಇರುತ್ತದೆ. ಅಂಥವಕ್ಕೆ ಎಣ್ಣೆ ಬೇಡವೆಂದು ತಯಾರಿಸಿದವರು ಹೇಳಿದ್ದರೆ ಅವರ ಮಾತನ್ನು ಕೇಳಿರಿ. ಆದರೆ ನಿಪ್ಪಲಿನ ಗುಳಿಗೆ ಕಡಲೆಕಾಳಿನಷ್ಟು ಗ್ರೀಸನ್ನು ಮಾತ್ರ ಮರೆಯಬೇಡಿ.

ಜೋಡಿಸುವಾಗ ಹೊರಗವಸಿನ ತುದಿ ಅಡ್ಜಸ್ಟರಿನ ಗುಳಿಯಲ್ಲಿ ಪೂರ್ತಿ ಕುಳಿತಿರಬೇಕು. ಅರ್ಧ ಕುಳಿತಿದ್ದರೆ ದಾರಿಯಲ್ಲಿ ಅದು ಒಳಗೆ ಜಾರಿ, ಲಿವರ್ ಒಮ್ಮೆಲೇ ಸಡಿಲವಾಗುತ್ತದೆ. ನೀವು ವೈರು ತುಂಡಾಯಿತೆಂದು ಗಾಬರಿಪಡುತ್ತೀರಿ. ಲಿವರಿನ ಬಳಿಯ ಅಡ್ಜಸ್ಟರಿಗೂ ಅದರ ನಟ್ಟಿಗೂ ವೈರು ತೂರಿಸಲು ಒಂದೊಂದು ಸೀಳು ಇರುತ್ತದೆ. ಈ ಸೀಳುಗಳು ಒಂದೇ ಸಾಲಿನಲ್ಲಿ ನಿಂತರೆ ವೈರು ಹೊರಗೆ ಹಾರಿಬರುತ್ತದೆ. ಅವನ್ನು ಬೇರೆ ಬೇರೆ ಕಡೆಗೆ ತಿರುಗಿಸಿ ನಿಲ್ಲಿಸಿರಿ. ಲಾಕ್ ನಟ್ಟನ್ನು ಬಿಗಿ ಮಾಡಿರಿ. ಇಲ್ಲದಿದ್ದರೆ ಗಾಡಿಯ ನಡುಕಕ್ಕೆ ಅಡ್ಜಸ್ಟರ್ ತಾನಾಗಿಯೇ ತಿರುಗುತ್ತದೆ. ಲಿವರಿನ ಬೋಲ್ಟನ್ನು ಮಾತ್ರ ಅತಿಯಾಗಿ ಬಿಗಿಯಬಾರದು. ಬಿಟ್ಟ ಕೂಡಲೇ ಲಿವರ್ ತಾನೇ ಹಿಂದಕ್ಕೆ ಹೋಗಬೇಕು.

ಇಷ್ಟಾದ ಮೇಲೆ ಕೈ ತೊಳೆದುಕೊಳ್ಳಲು ಏಳಬೇಡಿ. ಪರೀಕ್ಷೆ ಉಳಿದಿದೆ. ನಾನು ಮಾಡದೆ ಬಿಟ್ಟದ್ದು ಇದನ್ನೇ.

ಒಂದು: ಲಿವರನ್ನು ಇಪ್ಪತ್ತು ಸಲ ಹಿಡಿದು ಬಿಡಿ. ಕರಕರ ಇರಬಾರದು. ನಿಪ್ಪಲ್ ಗುಳಿಯಲ್ಲಿ ತಿರುಗುತ್ತಿದೆಯೇ ಎಂದು ಕಣ್ಣಿಟ್ಟು ನೋಡಿ.

ಎರಡು: ಇಪ್ಪತ್ತು ಸಲ ಹಿಡಿದ ಮೇಲೆ ಸಡಿಲವನ್ನು ಮತ್ತೆ ಅಳೆಯಿರಿ. ಹೊಸ ವೈರು ಕುಳಿತು ಸಡಿಲ ಹೆಚ್ಚಿರಬಹುದು.

ಮೂರು: ಹ್ಯಾಂಡಲನ್ನು ಪೂರ್ತಿ ಎಡಕ್ಕೂ ಪೂರ್ತಿ ಬಲಕ್ಕೂ ತಿರುಗಿಸಿ. ಎರಡೂ ಕಡೆ ಸಡಿಲ ಅಷ್ಟೇ ಇರಬೇಕು. ಒಂದು ಕಡೆ ಬಿಗಿಯಾದರೆ ವೈರು ದಾರಿ ತಪ್ಪಿದೆ.

ನಾಲ್ಕು: ಗಾಡಿಯನ್ನು ಬಯಲಿನಲ್ಲಿ, ಹಿಂದೆ ಯಾರನ್ನೂ ಕೂರಿಸದೆ, ಹಾಲಿನ ಕ್ಯಾನು ಇಲ್ಲದೆ ಓಡಿಸಿ ನೋಡಿ. ಒಂದು ವಾರದ ಮೇಲೆ ಇನ್ನೊಮ್ಮೆ ಸ್ಪ್ಯಾನರು ಹಿಡಿದು ನಟ್ಟುಗಳನ್ನು ನೋಡಿ.

ಇದಕ್ಕೆಲ್ಲ ಹತ್ತು ನಿಮಿಷ ಸಾಕು.

ರಸ್ತೆಯಲ್ಲಿ ತುಂಡಾದರೆ

ಎಷ್ಟು ಎಚ್ಚರದಿಂದಿದ್ದರೂ ಒಮ್ಮೆ ತುಂಡಾಗಬಹುದು. ಆಗ ಲಿವರನ್ನು ಮರೆತುಬಿಡಿ. ಎಕ್ಸಲರೇಟರನ್ನು ಪೂರ್ತಿ ಬಿಡಿ. ಎರಡೂ ಬ್ರೇಕುಗಳನ್ನು ಹದವಾಗಿ ಒತ್ತಿರಿ. ಗಾಡಿ ಉರುಳುತ್ತಿರುವಾಗಲೇ ಕಾಲಿನಿಂದ ನ್ಯೂಟ್ರಲಿಗೆ ತರಲು ಪ್ರಯತ್ನಿಸಿ. ಎಕ್ಸಲರೇಟರ್ ಬಿಟ್ಟಿದ್ದರೆ ಕ್ಲಚ್ ಇಲ್ಲದೆಯೂ ಅದು ಸಾಮಾನ್ಯವಾಗಿ ಬರುತ್ತದೆ. ಬರದಿದ್ದರೆ ಚಿಂತೆಯಿಲ್ಲ. ಬ್ರೇಕು ಬಿಡಬೇಡಿ, ಎಂಜಿನ್ ತಾನೇ ಬಂದಾಗುತ್ತದೆ. ಎಂಜಿನ್ ನಿಲ್ಲಿಸುವ ಗುಂಡಿ ಇದ್ದರೆ ಅದನ್ನೂ ಒತ್ತಿರಿ. ಎಂಜಿನ್ ಬಂದಾದದ್ದು ಸೋಲಲ್ಲ. ಗಾಡಿ ನಿಂತದ್ದೇ ಗೆಲವು.

ನಿಂತ ಮೇಲೆ ರಸ್ತೆಯ ಬದಿಗೆ ಬನ್ನಿ. ಹಿಂದೆ ಕುಳಿತವರನ್ನು ಇಳಿಸಿ. ಗೇರಿನಲ್ಲಿರುವಾಗ ಕಿಕ್ ಹೊಡೆಯುವುದಾಗಲಿ, ಸ್ಟಾರ್ಟ್ ಗುಂಡಿ ಒತ್ತುವುದಾಗಲಿ ಕೂಡದು. ಗಾಡಿ ಮುಂದಕ್ಕೆ ನೆಗೆಯುತ್ತದೆ. ನ್ಯೂಟ್ರಲ್ ಮಾಡಿ ತಳ್ಳಿಕೊಂಡು ಹೋಗಿ.

ಕೆಲವರು ಓಡುತ್ತ ತಳ್ಳಿ, ಹಾರಿ ಕೂತು, ಕ್ಲಚ್ ಇಲ್ಲದೆ ಗೇರು ಹಾಕಿ ಮನೆ ಸೇರುತ್ತಾರೆ. ಓಡುವ ಗಾಡಿಗೆ ಕ್ಲಚ್ ಇಲ್ಲದೆ ಮೇಲಿನ ಗೇರು ಹಾಕಬಹುದು ಎಂಬುದು ನಿಜ. ಆದರೆ ಬೇಕೆಂದ ಕಡೆ ನಿಲ್ಲಿಸಿ, ಬೇಕೆಂದಾಗ ಹೊರಡುವುದು ಆಗುವುದಿಲ್ಲ. ನಮ್ಮ ರಸ್ತೆಗಳಲ್ಲಿ ಕುರಿಮಂದೆ ಅಡ್ಡ ಬರುತ್ತದೆ, ಶಾಲೆ ಬಿಟ್ಟ ಮಕ್ಕಳು ಅಡ್ಡ ಬರುತ್ತಾರೆ. ಹಾಲು ಕೆಟ್ಟರೆ ಒಂದು ಹೊತ್ತಿನ ನಷ್ಟ. ಅದಕ್ಕಾಗಿ ಕುಶಲತೆ ಮೆರೆಯಬೇಡಿ.

ಇದಕ್ಕಿಂತ ಸುಲಭವಾದ ಉಪಾಯವೊಂದಿದೆ. ಸಾಮಾನ್ಯ ಗಾಡಿಯ ಹೊಸ ವೈರಿನ ಬೆಲೆ ಒಂದು ದಿನದ ಕೂಲಿಗಿಂತ ಕಡಮೆ. ಒಂದನ್ನು ಕೊಂಡು, ಈಗಿರುವ ವೈರಿನ ಪಕ್ಕದಲ್ಲೇ, ಅದೇ ದಾರಿಯಲ್ಲಿ ಹಾಯಿಸಿ, ತುದಿಗಳಿಗೆ ಗ್ರೀಸ್ ಸವರಿ, ಪ್ಲಾಸ್ಟಿಕ್ ಸುತ್ತಿ ಕಟ್ಟಿಡಿ. ಹ್ಯಾಂಡಲ್ ತಿರುಗುವಾಗ ಅದು ಅಡ್ಡಿಯಾಗಬಾರದು. ಹಳೆಯದು ತುಂಡಾದ ದಿನ ಎರಡು ತುದಿಗಳನ್ನು ಸಿಕ್ಕಿಸಿದರೆ ಕೆಲಸ ಮುಗಿಯಿತು. ಒಂದು ಸಣ್ಣ ಸ್ಪ್ಯಾನರು, ಒಂದು ಇಕ್ಕಳ ಗಾಡಿಯಲ್ಲಿರಲಿ.

ಕೊನೆಯ ಮಾತು

"ಒಂದು ಸಣ್ಣ ವೈರಿಗೆ ಇಷ್ಟು ಮಾತೇ?" ಎಂದು ನೀವು ಕೇಳಬಹುದು. ಮನೆಯಲ್ಲಿ ರಿಪೇರಿ ಮಾಡಬೇಡಿ ಎಂದು ಹೇಳಲು ನಾನು ಬಂದಿಲ್ಲ. ಮಾಡಿ, ಪೂರ್ತಿ ಮಾಡಿ ಎಂದು ಹೇಳಲು ಬಂದಿದ್ದೇನೆ. ನಟ್ಟು ಬಿಗಿದ ಕೂಡಲೇ ಕೆಲಸ ಮುಗಿಯುವುದಿಲ್ಲ; ಪರೀಕ್ಷೆ ಮಾಡಿದ ಮೇಲೆ ಮುಗಿಯುತ್ತದೆ. ಗೊತ್ತಿಲ್ಲದ ಕಡೆ ಗೊತ್ತಿಲ್ಲವೆಂದು ಒಪ್ಪಿಕೊಂಡು ಮೆಕ್ಯಾನಿಕರ ಬಳಿ ಹೋಗುವುದೂ ಒಂದು ವಿದ್ಯೆಯೇ.

ಮಂಡಲಿಯ ಸದಸ್ಯರಲ್ಲಿ ನನ್ನದೊಂದು ವಿನಂತಿ. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ನಿಮ್ಮ ಊರಿನ ಗಾಡಿಗಳನ್ನೆಲ್ಲ ಅರಳಿಕಟ್ಟೆಯ ಬಳಿ ಸೇರಿಸಿರಿ. ಒಬ್ಬರ ಗಾಡಿಯ ಲಿವರನ್ನು ಇನ್ನೊಬ್ಬರು ಹಿಡಿದು ನೋಡಿ. ನಮ್ಮ ಗಾಡಿಯ ಕರಕರ ನಮಗೆ ಅಭ್ಯಾಸವಾಗಿ ಹೋಗಿರುತ್ತದೆ. ನೆರೆಯವರ ಕೈಗೆ ಅದು ಕೂಡಲೇ ಗೊತ್ತಾಗುತ್ತದೆ. ಒಂದು ಡಬ್ಬಿ ಗ್ರೀಸನ್ನು ಮಂಡಲಿಯ ಖರ್ಚಿನಲ್ಲಿ ತಂದಿಟ್ಟರೆ ಇಡೀ ಊರಿಗೆ ವರ್ಷವೆಲ್ಲ ಸಾಕಾಗುತ್ತದೆ.

ಈಗ ನನ್ನ ಮಗಳೇ ಗಾಡಿ ಓಡಿಸುತ್ತಾಳೆ. ಮನೆಯಿಂದ ಹೊರಡುವ ಮುಂಚೆ ಹ್ಯಾಂಡಲನ್ನು ಎಡಕ್ಕೆ ಒಮ್ಮೆ, ಬಲಕ್ಕೆ ಒಮ್ಮೆ ತಿರುಗಿಸಿ, ಲಿವರ್ ಹಿಡಿದು ನೋಡುತ್ತಾಳೆ. ನಾನು ಅವಳಿಗೆ ಹೇಳಿಕೊಟ್ಟದ್ದಲ್ಲ. ಅಂದು ಏರಿಯ ಕೆಳಗೆ ಅವಳೇ ಕಲಿತದ್ದು. ನಿಮ್ಮ ಮಕ್ಕಳು ಅದನ್ನು ರಸ್ತೆಯಲ್ಲಿ ಕಲಿಯುವುದು ಬೇಡ, ನಿಮ್ಮ ಅಂಗಳದಲ್ಲೇ ಕಲಿಯಲಿ.